ಕೊಲ್ಹಾಪುರದಲ್ಲಿ ಮಾತಾಡಿದ ರಾವಣ

1934ನೆಯ ಇಸವಿ ಮಾರ್ಚ್ 3ರಂದು ಬೆಂಗಳೂರಿನ ಸಿಟಿ ಮಾರ್ಕೆಟ್ಟಿನ ಬಳಿಯ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ಕಿಕ್ಕಿರಿದಿದ್ದ ಜನಕ್ಕೆ, ಪರದೆಯ ಮೇಲಿನ ರಾಕ್ಷಸೇಂದ್ರನು ತಮ್ಮ ಮನೆಮಾತಿನಲ್ಲಿಯೇ ಗರ್ಜಿಸಿದ್ದು ಎಂತಹ ವಿಸ್ಮಯವನ್ನುಂಟುಮಾಡಿತೆಂಬುದನ್ನು ನಾವಿಂದು ಊಹಿಸಬಹುದೇ ಹೊರತು ಕಂಡು ತಿಳಿಯಲಾರೆವು. ಏಕೆಂದರೆ ಕನ್ನಡದಲ್ಲಿ ತೆರೆಕಂಡ ಮೊದಲನೆಯ ವಾಕ್ಚಿತ್ರವಾದ ‘ಸತಿ ಸುಲೋಚನ’ದ ಒಂದು ಪ್ರತಿಯೂ ಉಳಿದಿಲ್ಲ. ಆ ರಾವಣನಿಗೆ ಮೈಯನ್ನೂ ದನಿಯನ್ನೂ ಕೊಟ್ಟವರು ಹೊಳಲ್ಕೆರೆಯಲ್ಲಿ ಹುಟ್ಟಿದ ಆರ್. ನಾಗೇಂದ್ರರಾಯರು. ಆದರೆ ಆ ಗರ್ಜನೆ ಯಂತ್ರದೊಳಗೆ ಸೆರೆಸಿಕ್ಕಿದ ಊರು ಬೆಂಗಳೂರೂ ಅಲ್ಲ, ಮೈಸೂರೂ ಅಲ್ಲ, ಕೊಲ್ಹಾಪುರ. ಇಂದ್ರಜಿತುವಿನ ಪಾತ್ರ ವಹಿಸಿದ್ದ ಎಂ. ವಿ. ಸುಬ್ಬಯ್ಯ ನಾಯ್ಡು ಅವರನ್ನು ಕನ್ನಡ ಚಿತ್ರಲೋಕದ ಆದ್ಯ ನಾಯಕರೆಂದು ಎಲ್ಲರೂ ಸ್ಮರಿಸುತ್ತಾರೆ, ಸ್ಮರಿಸುವುದು ನ್ಯಾಯವೇ. ನನಗಾದರೋ ಆ ಚಿತ್ರದ ಮಾತು ಬಂದಾಗಲೆಲ್ಲ ಮನಸ್ಸು ನಾಯಕನನ್ನು ದಾಟಿ ಲಂಕೆಯ ಸಿಂಹಾಸನದ ಕಡೆಗೇ ಹೊರಳುತ್ತದೆ.

ಕನ್ನಡದ ಚಿತ್ರವೊಂದು ಕೊಲ್ಹಾಪುರಕ್ಕೆ ಹೋದದ್ದೇಕೆಂಬ ಪ್ರಶ್ನೆಗೆ ಉತ್ತರ ಸರಳವಾಗಿದೆ. ಬೆಂಗಳೂರಿನ ವರ್ತಕರಾದ ಚಮನ್‌ಲಾಲ್ ಡುಂಗಾಜಿಯವರು ‘ಸೌತ್ ಇಂಡಿಯಾ ಮೂವಿಟೋನ್’ ಸಂಸ್ಥೆಯ ಮೂಲಕ ಈ ಸಾಹಸಕ್ಕೆ ಬಂಡವಾಳ ಹೂಡಿದಾಗ, ಮಾತನ್ನೂ ಚಿತ್ರವನ್ನೂ ಏಕಕಾಲದಲ್ಲಿ ಹಿಡಿಯಬಲ್ಲ ಸ್ಟುಡಿಯೋ ಮೈಸೂರು ಸಂಸ್ಥಾನದಲ್ಲಿ ಇರಲಿಲ್ಲ. ಕೊಲ್ಹಾಪುರದಲ್ಲಿಯಾದರೋ ಬಾಬುರಾವ್ ಪೇಂಟರರೆಂಬ ಕಲಾಶಿಲ್ಪಿ ಮಹಾರಾಷ್ಟ್ರ ಫಿಲ್ಮ್ ಕಂಪನಿಯನ್ನು ಸ್ಥಾಪಿಸಿ, ಕ್ಯಾಮೆರಾವನ್ನು ಕೂಡ ತಮ್ಮ ಸಂಗಡಿಗರೊಡನೆ ಕೈಯಾರೆ ನಿರ್ಮಿಸಿ, 1920ರಲ್ಲಿ ‘ಸೈರಂಧ್ರಿ’ಯನ್ನು ತೆರೆಗೆ ತಂದಿದ್ದರು. ಅವರ ಶಿಷ್ಯರೇ 1929ರಲ್ಲಿ ಅದೇ ಊರಿನಲ್ಲಿ ಪ್ರಭಾತ್ ಕಂಪನಿಯನ್ನು ಕಟ್ಟಿ, 1932ರಲ್ಲಿ ‘ಅಯೋಧ್ಯೇಚಾ ರಾಜಾ’ ಎಂಬ ಮರಾಠಿಯ ಮೊದಲ ವಾಕ್ಚಿತ್ರವನ್ನು ಸಿದ್ಧಪಡಿಸಿದರು. 1933ರಲ್ಲಿ ಪ್ರಭಾತ್ ಪುಣೆಗೆ ಬಿಡಾರ ಬದಲಿಸಿತಾದರೂ ಊರಿನ ಚಿತ್ರವಿದ್ಯೆ ಅದರೊಡನೆ ಗಾಡಿ ಹತ್ತಿ ಹೋಗಲಿಲ್ಲ. ಬಡಗಿ, ಬಣ್ಣಗಾರ, ಛಾಯಾಗ್ರಾಹಕರೆಲ್ಲ ಅಲ್ಲಿಯೇ ಇದ್ದರು. ಅಲ್ಲಿನ ಛತ್ರಪತಿ ಸಿನಿಟೋನ್ ಸ್ಟುಡಿಯೋದಲ್ಲಿ ವೈ. ವಿ. ರಾವ್ ಅವರ ನಿರ್ದೇಶನದಲ್ಲಿ, ಬೆಳ್ಳಾವೆ ನರಹರಿ ಶಾಸ್ತ್ರಿಗಳ ಸಾಹಿತ್ಯದೊಡನೆ ನಮ್ಮ ಲಂಕೆ ಎದ್ದುನಿಂತಿತು. ಸುಲೋಚನೆಯಾಗಿ ತ್ರಿಪುರಾಂಬಾ, ಮಂಡೋದರಿಯಾಗಿ ಲಕ್ಷ್ಮೀಬಾಯಿ, ಲಕ್ಷ್ಮಣನಾಗಿ ಸ್ವಯಂ ನಿರ್ದೇಶಕರು. ರಾವಣನ ಹೊಣೆಯ ಜೊತೆಗೆ ಸಂಗೀತದ ಹೊಣೆಯಲ್ಲಿಯೂ ನಾಗೇಂದ್ರರಾಯರಿಗೆ ಪಾಲಿತ್ತು. ಸೌಮ್ಯವಾದ ಸಾರನ್ನದ ಮೈಸೂರು ಸೀಮೆಯ ಕಲಾವಿದರು ಕೊಲ್ಹಾಪುರದ ಖಾರದೊಡನೆ ಹೇಗೆ ಸಂಧಿ ಮಾಡಿಕೊಂಡರೋ ಇತಿಹಾಸಕಾರರು ಬರೆದಿಡುವುದಿಲ್ಲ. ರಾವಣನ ದನಿಗೆ ಅದರಿಂದ ಪುಷ್ಟಿಯೇ ದೊರೆತಿರಬೇಕೆಂದು ನಾನು ಭಾವಿಸಿಕೊಂಡಿದ್ದೇನೆ.

ಹಾಗೆಂದ ಮಾತ್ರಕ್ಕೆ ಕನ್ನಡವು ಅಲ್ಲಿಗೆ ಅತಿಥಿಯಾಗಿ ಹೋಯಿತೆಂದು ತಿಳಿಯುವುದು ಸರಿಯಲ್ಲ. ಕೊಲ್ಹಾಪುರವನ್ನಾಳಿದ ಶಿಲಾಹಾರರು ತಮ್ಮ ಶಾಸನಗಳನ್ನು ಕನ್ನಡದಲ್ಲಿಯೂ ಬರೆಯಿಸಿದವರು. ಅದೇ ಸಂಸ್ಥಾನಕ್ಕೆ ಸೇರಿದ್ದ ಗಡಹಿಂಗ್ಲಜದ ಸೀಮೆಯಲ್ಲಿ ಇಂದಿಗೂ ಸಂತೆಯ ಚೌಕಾಸಿ ಒಂದು ಭಾಷೆಯಲ್ಲಿ ಮೊದಲಾಗಿ ಇನ್ನೊಂದರಲ್ಲಿ ಮುಗಿಯುವುದುಂಟು. ಆ ಊರನ್ನು ಹಾಯ್ದು ಬರುವ ಹಿರಣ್ಯಕೇಶಿಯು ಸಂಕೇಶ್ವರದ ಕಡೆಗೆ ಹರಿಯುವಾಗ ಯಾವ ನಾಕಾದಲ್ಲಿಯೂ ನಿಂತು ರಹದಾರಿ ತೋರಿಸುವುದಿಲ್ಲ. ಇಂದು ವಿದ್ಯುತ್ ಮಗ್ಗಗಳ ಸದ್ದಿಗೆ ಹೆಸರಾದ ಇಚಲಕರಂಜಿಯು ಒಂದು ಕಾಲಕ್ಕೆ ಬಾಳಕೃಷ್ಣಬುವಾ ಅವರ ಗಾಯನಕ್ಕೆ ಹೆಸರಾಗಿತ್ತು. ಗ್ವಾಲಿಯರ್ ಗಾಯಕಿಯನ್ನು ದಖ್ಖಣಕ್ಕೆ ತಂದ ಆ ಮಹನೀಯರಿಂದ ಮಿರಜದ ನೀಲಕಂಠಬುವಾ ಅವರಿಗೆ, ಅವರಿಂದ ನಮ್ಮ ಪಂಚಾಕ್ಷರಿ ಗವಾಯಿಗಳಿಗೂ ಮಲ್ಲಿಕಾರ್ಜುನ ಮನಸೂರರಿಗೂ ಆ ವಿದ್ಯೆ ಇಳಿದುಬಂದಿತು. ಆ ಇಬ್ಬರಿಗೂ ನಾಟಕದ ಕಂಪನಿಗಳ ನಂಟಿತ್ತೆಂಬುದನ್ನು ಮರೆಯಲಾಗದು. ಇನ್ನು ಋಣವು ಏಕಮುಖವಾದದ್ದೇ ಎಂದರೆ ಅದೂ ಅಲ್ಲ. ಕೊಲ್ಹಾಪುರದ ನಟಶ್ರೇಷ್ಠ ಕೇಶವರಾವ್ ಭೋಸಲೆಯವರು ತಮ್ಮ ‘ಲಲಿತಕಲಾದರ್ಶ’ ಮಂಡಳಿಯನ್ನು 1908ರಲ್ಲಿ ಹುಟ್ಟುಹಾಕಿದ್ದು ಹುಬ್ಬಳ್ಳಿಯಲ್ಲಿ. ಪ್ರಭಾತ್ ಸ್ಥಾಪಕರಲ್ಲೊಬ್ಬರಾದ ವಿ. ಶಾಂತಾರಾಮರು ಎಳೆಯ ವಯಸ್ಸಿನಲ್ಲಿ ರೈಲ್ವೆ ಕಾರ್ಖಾನೆಯ ಕೂಲಿಯನ್ನೂ ಸಿನಿಮಾ ಮಂದಿರದ ಬಾಗಿಲ ಚಾಕರಿಯನ್ನೂ ಮಾಡಿದ್ದು ಅದೇ ಹುಬ್ಬಳ್ಳಿಯಲ್ಲಿ. ಭೋಸಲೆಯವರ ಹೆಸರನ್ನು ಹೊತ್ತ, ಶಾಹು ಮಹಾರಾಜರ ಕಾಲದ ನಾಟ್ಯಗೃಹವು 2024ರ ಆಗಸ್ಟಿನಲ್ಲಿ ಬೆಂಕಿಗೆ ಆಹುತಿಯಾದಾಗ ಗಡಿಯ ಈಚೆಗಿನ ರಂಗಕರ್ಮಿಗಳೂ ಮರುಗಿದರೆಂದರೆ ಆಶ್ಚರ್ಯವೇನು!

ನಾಗೇಂದ್ರರಾಯರು 1896ರಲ್ಲಿ ಹುಟ್ಟಿದವರು. ಬಡತನವು ಬಾಲ್ಯದಲ್ಲಿಯೇ ಅವರನ್ನು ನಾಟಕದ ಕಂಪನಿಗೆ ಒಪ್ಪಿಸಿತು. ಆ ಕಾಲದ ಕಂಪನಿಯೆಂದರೆ ಶಾಲೆಯೂ ಹೌದು, ಅನ್ನಛತ್ರವೂ ಹೌದು, ಕೆಲವೊಮ್ಮೆ ಬಂದೀಖಾನೆಯೂ ಹೌದು. ಹುಡುಗನೊಬ್ಬನು ಮೊದಲು ಬಾಲಪಾತ್ರಗಳಲ್ಲಿ ನಿಂತು, ದನಿ ಒಡೆಯುವವರೆಗೆ ಸ್ತ್ರೀಪಾರ್ಟುಗಳಲ್ಲಿ ಸಲ್ಲಿ, ಒಡೆದ ಬಳಿಕ ತನಗೆ ರಾಜಾಪಾರ್ಟು ದೊರೆಯುವುದೋ ಅಥವಾ ಉಳಿದವರ ಸಾಲಿನಲ್ಲಿ ಸ್ಥಾನವೋ ಎಂಬುದನ್ನು ವಿಧಿಗೂ ಮಾಲೀಕನಿಗೂ ಬಿಟ್ಟು ಕಾಯಬೇಕಾಗಿತ್ತು. ರಾಜಾಪಾರ್ಟಿನವನಿಗೆ ಕಂಠವಿದ್ದರೆ ಸಾಕು. ಜನ ‘ಒನ್ಸ್ ಮೋರ್’ ಎಂದು ಕೂಗಿದಂತೆಲ್ಲ ಸತ್ತವನು ಎದ್ದು ಮತ್ತೊಮ್ಮೆ ಹಾಡಿ ಸಾಯಬಹುದು. ಉಳಿದ ಸಾಲಿನವನಿಗೆ ಆ ಭಾಗ್ಯವಿಲ್ಲ. ಇಂದು ಕಂಸ, ನಾಳೆ ಕಣ್ವ, ನಾಡಿದ್ದು ಬಫೂನು. ನಾಯಕನು ಹಾಡಿ ಸೋತ ರಾತ್ರಿ ಪ್ರೇಕ್ಷಕರನ್ನು ಬೆಂಚಿನ ಮೇಲೆ ಕಟ್ಟಿಹಾಕಬೇಕಾದವನೂ ಅವನೇ. ನಾಗೇಂದ್ರರಾಯರು ಆ ಗರಡಿಯಲ್ಲಿ ಪಳಗಿದರು. ಮಹಮದ್ ಪೀರ್ ಸಾಹೇಬರ ಚಂದ್ರಕಲಾ ನಾಟಕ ಮಂಡಳಿಯಲ್ಲಿ ಸುಬ್ಬಯ್ಯ ನಾಯ್ಡು ಅವರೊಡನೆ ಕೂಡಿದ ಸ್ನೇಹವು ಮುಂದೆ ಇಬ್ಬರ ಜೀವಿತಕ್ಕೂ ದಿಕ್ಕನ್ನು ನಿರ್ಣಯಿಸಿತು. ಕನ್ನಡದ ಪರದೆ ಇನ್ನೂ ಮೂಕವಾಗಿಯೇ ಇದ್ದಾಗ ರಾಯರು ಮುಂಬಯಿಗೆ ಹೋಗಿ ತಮಿಳಿನ ವಾಕ್ಚಿತ್ರದಲ್ಲಿ ನಟಿಸಿ ಬಂದಿದ್ದರಾದ ಕಾರಣ, ಕೊಲ್ಹಾಪುರದ ಸ್ಟುಡಿಯೋವನ್ನು ಹೊಕ್ಕಾಗ ಯಂತ್ರದ ಮುಂದೆ ನಿಲ್ಲುವ ಭಯ ಅವರಿಗೆ ಹೊಸದಾಗಿರಲಿಲ್ಲ.

ಯಂತ್ರದ ಮುಂದೆ ನಿಲ್ಲುವುದೆಂದರೆ ಆಗ ಏನೆಂಬುದನ್ನು ಇಂದಿನ ಓದುಗರು ತುಸು ಊಹಿಸಿಕೊಳ್ಳಬೇಕು. ಹಿನ್ನೆಲೆ ಗಾಯನವೆಂಬ ಅನುಕೂಲವು 1935ಕ್ಕೆ ಮುಂಚೆ ಹಿಂದಿಯ ಚಿತ್ರಗಳಿಗೂ ದೊರೆತಿರಲಿಲ್ಲ; ಅಭಿನಯಿಸುವವನೇ ಹಾಡಬೇಕು, ಹಾಡುವಾಗಲೇ ಅಭಿನಯಿಸಬೇಕು, ವಾದ್ಯದವರು ಕ್ಯಾಮೆರಾದ ಕಣ್ಣಿಗೆ ಬೀಳದ ಮೂಲೆಯಲ್ಲಿ ಕುಳಿತು ಅದೇ ಕ್ಷಣದಲ್ಲಿ ನುಡಿಸಬೇಕು; ಒಬ್ಬನು ಕೆಮ್ಮಿದರೆ ಎಲ್ಲವೂ ಮೊದಲಿನಿಂದ. ತಗಡಿನ ಥಿಯೇಟರಿನ ಕಡೆಯ ಸಾಲಿನಲ್ಲಿ ನೆಲದ ಮೇಲೆ ಕುಳಿತ ನಾಲ್ಕಾಣೆಯ ಪ್ರೇಕ್ಷಕನಿಗೆ ಮುಟ್ಟುವಂತೆ ಹದಗೊಳಿಸಿದ ಕಂಠವನ್ನು, ತಲೆಯ ಮೇಲೆ ಮಾರುದೂರದಲ್ಲಿ ತೂಗುವ ಮೈಕಿಗೆ ತಕ್ಕಂತೆ ತಗ್ಗಿಸುವುದು ರಾಜಾಪಾರ್ಟಿನವರಿಗೆ ಸುಲಭವಾಗಲಿಲ್ಲ. ಪಾತ್ರಕ್ಕೊಂದು ದನಿ, ವಯಸ್ಸಿಗೊಂದು ದನಿ ಎಂದು ಕಂಠವನ್ನು ಮೊದಲಿನಿಂದಲೂ ಹಂಚಿ ಬಳಸುತ್ತ ಬಂದವರಿಗೆ ಅದು ಅಷ್ಟು ಕಷ್ಟವೂ ಆಗಲಿಲ್ಲವೆಂಬುದು ನನ್ನ ಎಣಿಕೆ. ವಾಕ್ಚಿತ್ರದ ಆದಿಯುಗವು ಎಲ್ಲ ಭಾಷೆಗಳಲ್ಲಿಯೂ ಎಷ್ಟೋ ಸುಂದರ ನಾಯಕರನ್ನು ಮೂಲೆಗೆ ತಳ್ಳಿ, ರಂಗಭೂಮಿಯ ಖಳರನ್ನೂ ಮುದುಕರನ್ನೂ ಹಾಸ್ಯಗಾರರನ್ನೂ ಮುಂದಕ್ಕೆ ತಂದದ್ದಕ್ಕೆ ಇದೊಂದು ಕಾರಣವಾಗಿರಬೇಕು.

ಸುಲೋಚನೆಯ ಕಥೆಯಲ್ಲಿ ಇನ್ನೊಂದು ವಿಶೇಷವಿದೆ. ರಾಮಾಯಣದ ಉಳಿದ ಪ್ರಸಂಗಗಳೆಲ್ಲ ಲಂಕೆಯನ್ನು ಹೊರಗಿನಿಂದ, ಸಮುದ್ರದ ಈಚೆಯ ದಡದಿಂದ ನೋಡುತ್ತವೆ. ಇದೊಂದು ಮಾತ್ರ ಲಂಕೆಯ ಅಂತಃಪುರದಲ್ಲಿ ಕುಳಿತು ಯುದ್ಧವನ್ನು ನೋಡುತ್ತದೆ. ಸುಲೋಚನೆಯು ಆದಿಶೇಷನ ಮಗಳು, ಅವಳ ಗಂಡನನ್ನು ಕೊಲ್ಲುವ ಲಕ್ಷ್ಮಣನೋ ಆದಿಶೇಷನದೇ ಅವತಾರ ಎಂದು ನಮ್ಮ ಜನ ಹೇಳಿಕೊಂಡು ಬಂದಿರುವುದರಿಂದ, ಮಾವನ ಕೈಯಿಂದಲೇ ಅಳಿಯನಿಗೆ ಸಾವು ಬರುವ ದಾರುಣ ವಿಪರ್ಯಾಸವೂ ಇದರೊಳಗಿದೆ. ಇಂತಹ ಕಥೆಯಲ್ಲಿ ರಾವಣನು ಸೀತಾಪಹಾರಿಯಾಗಿ ಅಲ್ಲ, ಮಗನನ್ನು ರಣಕ್ಕೆ ಕಳುಹಿಸಿದ ತಂದೆಯಾಗಿ, ವಿಧವೆಯಾದ ಸೊಸೆಗೆ ಮುಖ ತೋರಿಸಬೇಕಾದ ಮಾವನಾಗಿ ನಿಲ್ಲಬೇಕಾಗುತ್ತದೆ. ಹತ್ತು ತಲೆಗಳಿದ್ದೂ ಆ ಒಂದು ಗಳಿಗೆಯಲ್ಲಿ ಯಾವ ಮುಖವನ್ನು ತೋರಿಸಬೇಕೆಂದು ತಿಳಿಯದವನನ್ನು ಆಡಿ ತೋರಿಸುವುದು ಬರಿಯ ಗದ್ದರಿಕೆಯಿಂದ ಆಗತಕ್ಕ ಕೆಲಸವಲ್ಲ. ಕನ್ನಡ ಪರದೆಯ ಮೊದಲ ಖಳನು, ಹೀಗೆ, ಮೊದಲ ತಂದೆಯೂ ಆದನು. ನಾಗೇಂದ್ರರಾಯರು ಮುಂದೆ ನಾಲ್ಕು ದಶಕಗಳ ಕಾಲ ಎಷ್ಟು ಬಗೆಯ ವೇಷಗಳನ್ನು ತೊಟ್ಟರೂ, ಅವರ ವೃತ್ತಿಯ ಬೀಜವು ಕೊಲ್ಹಾಪುರದ ಆ ಸಿಂಹಾಸನದಲ್ಲಿಯೇ ಬಿದ್ದಿತೆಂದು ನಾನು ಹೇಳಬಯಸುವುದು ಈ ಅರ್ಥದಲ್ಲಿ. ಬೆದರಿಸುವ ದೇಹದೊಳಗೊಬ್ಬ ತಂದೆ, ಮೃದುವಾದ ತಂದೆಯೊಳಗೊಬ್ಬ ಹಠಮಾರಿ ದೊರೆ. ಈ ಎರಡನ್ನೂ ಒಂದೇ ಮುಖದಲ್ಲಿ ಕೂಡಿಸಿಕೊಳ್ಳುವುದೇ ಅವರ ಕಲೆಯ ತಿರುಳಾಗಿತ್ತು.

ಚಿತ್ರದಿಂದ ಬಂದ ಹೆಸರನ್ನು ಗೆಳೆಯರಿಬ್ಬರೂ ಚಿತ್ರದಲ್ಲಿಯೇ ಖರ್ಚುಮಾಡಲಿಲ್ಲ. ‘ಶ್ರೀ ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಳಿ’ ಎಂಬ ಘನವಾದ ನಾಮಧೇಯದ ಕಂಪನಿಯನ್ನು ಕೂಡಿ ನಡೆಸಿದರು. ಆ ಮಂಡಳಿಯ ‘ಭೂಕೈಲಾಸ’ ಎಷ್ಟು ಜನಪ್ರಿಯವಾಯಿತೆಂದರೆ ಎ. ವಿ. ಮೆಯ್ಯಪ್ಪನ್ ಅವರು ಅದನ್ನು 1940ರಲ್ಲಿ ತೆಲುಗಿನಲ್ಲಿ ಚಿತ್ರವಾಗಿಸಿದಾಗ ಮುಖ್ಯಪಾತ್ರಗಳಿಗೆ ಕನ್ನಡದ ರಂಗನಟರನ್ನೇ ಕರೆದೊಯ್ದರು. ಇಲ್ಲಿ ನಡೆದ ಅದಲುಬದಲು ನನಗೆ ಬಹಳ ಪ್ರಿಯವಾದದ್ದು. ಕೊಲ್ಹಾಪುರದಲ್ಲಿ ರಾವಣನ ಮಗನಾಗಿದ್ದ ನಾಯ್ಡು ಅವರು ಇಲ್ಲಿ ಸ್ವತಃ ರಾವಣರಾದರು. ರಾವಣನಾಗಿದ್ದ ನಾಗೇಂದ್ರರಾಯರು ತಂಬೂರಿಯನ್ನು ಹಿಡಿದು, ಆತ್ಮಲಿಂಗವನ್ನು ತಪ್ಪಿಸುವ ತಂತ್ರಗಾರ ನಾರದರಾದರು. ತಾನೇ ಆಡಿದ ದೊರೆತನವನ್ನು ಗೆಳೆಯನಿಗೆ ಬಿಟ್ಟುಕೊಟ್ಟು ಆ ದೊರೆಯನ್ನು ನಗುನಗುತ್ತ ಕೆಡಹುವ ಪಾತ್ರವನ್ನು ಆರಿಸಿಕೊಂಡ ನಟನಿಗೆ ತನ್ನ ಬಲ ಎಲ್ಲಿದೆಯೆಂಬುದು ಚೆನ್ನಾಗಿ ತಿಳಿದಿತ್ತೆನ್ನಬೇಕು. ಕಂಪನಿಯ ಒಡೆಯರಲ್ಲೊಬ್ಬರಾಗಿ ರಾಜಾಪಾರ್ಟನ್ನು ಕೇಳಿ ಪಡೆಯಲು ಅವರಿಗೆ ಯಾರ ಅಡ್ಡಿಯಿತ್ತು?

1941ರ ‘ವಸಂತಸೇನಾ’ದಲ್ಲಿ ಅವರು ಶಕಾರನಾದರು. ಶೂದ್ರಕನ ನಾಟಕವನ್ನು ಬಲ್ಲವರಿಗೆ ಈ ಪಾತ್ರದ ಕಷ್ಟ ಗೊತ್ತು. ಶಕಾರನು ರಾಜನ ಮೈದುನ, ಮೂರ್ಖ, ಕ್ರೂರಿ. ರಾಮಾಯಣ ಭಾರತಗಳ ಹೆಸರುಗಳನ್ನು ಒಂದಕ್ಕೊಂದು ತಳುಕುಹಾಕಿ ಪಾಂಡಿತ್ಯ ಮೆರೆಸುವವನು. ಅವನನ್ನು ಬರಿಯ ಹಾಸ್ಯಗಾರನನ್ನಾಗಿ ಮಾಡಿದರೆ ವಸಂತಸೇನೆಯ ಕೊರಳನ್ನು ಹಿಸುಕುವ ದೃಶ್ಯವು ನಂಬಿಕೆ ಕಳೆದುಕೊಳ್ಳುತ್ತದೆ. ಬರಿಯ ಖಳನನ್ನಾಗಿ ಮಾಡಿದರೆ ಮೊದಲಿನ ಅಂಕಗಳ ನಗು ಒಣಗಿಹೋಗುತ್ತದೆ. ನಕ್ಕ ಪ್ರೇಕ್ಷಕನೇ ಕ್ಷಣಮಾತ್ರದಲ್ಲಿ ತನ್ನ ನಗುವಿಗೆ ನಾಚುವಂತೆ ಮಾಡಬಲ್ಲವನೇ ಶಕಾರನನ್ನು ಗೆಲ್ಲಬಲ್ಲನು. ಚಾರುದತ್ತನಾಗಿ ನಾಯ್ಡು, ವಸಂತಸೇನೆಯಾಗಿ ಲಕ್ಷ್ಮೀಬಾಯಿಯವರಿದ್ದ ಆ ಚಿತ್ರದಲ್ಲಿ ಕಥೆಯ ಚಕ್ರವನ್ನು ಉರುಳಿಸುವವನು ಈ ದುಷ್ಟನೇ. ಅದಾದ ಮೇಲೆ 1943ರ ‘ಸತ್ಯ ಹರಿಶ್ಚಂದ್ರ’ದಲ್ಲಿ ನಿರ್ದೇಶನದ ಭಾರವೂ ಅವರ ಹೆಗಲಿಗೆ ಬಿದ್ದಿತು. ಅದನ್ನೇ ಮರುವರ್ಷ ತಮಿಳಿನ ಮಾತುಗಳಿಗೆ ಹೊಂದಿಸಿ ಬಿಡುಗಡೆ ಮಾಡಿದರು. ಮುಂದೆ ದಶಕಗಳ ಕಾಲ ಡಬ್ಬಿಂಗ್ ಬೇಕೆ ಬೇಡವೆ ಎಂದು ಬೀದಿಗಿಳಿದ ನಾಡಿನಲ್ಲಿ, ದಕ್ಷಿಣದ ಆದ್ಯ ಡಬ್ಬಿಂಗ್ ಚಿತ್ರವೆಂದು ಹೆಸರಾದದ್ದು ಕನ್ನಡದಿಂದ ಹೊರಕ್ಕೆ ಹೋದದ್ದೆಂಬುದನ್ನು ಹೇಳದೆ ಮುಂದೆ ಹೋಗಲು ಮನಸ್ಸು ಒಪ್ಪದು.

ನಡುವಿನ ವರ್ಷಗಳ ಚಿತ್ರಗಳನ್ನು ಒಂದೊಂದಾಗಿ ಎಣಿಸುವ ಆವಶ್ಯಕತೆ ಇಲ್ಲಿಲ್ಲ. ‘ಮಹಾತ್ಮ ಕಬೀರ’, ‘ಜಾತಕ ಫಲ’ ಮೊದಲಾದುವನ್ನು ನಿರ್ದೇಶಿಸಿ, 1957ರಲ್ಲಿ ‘ಪ್ರೇಮದ ಪುತ್ರಿ’ಯನ್ನು ಅವರು ತೆರೆಗೆ ತಂದರು. ಆ ವರ್ಷದ ಕನ್ನಡ ಚಿತ್ರಕ್ಕೆ ಸಲ್ಲುವ ರಾಷ್ಟ್ರಪತಿಗಳ ರಜತಪದಕ ಅದಕ್ಕೆ ಬಂದಿತು. ಅದಕ್ಕಿಂತ ಕುತೂಹಲದ ಸಂಗತಿಯೆಂದರೆ ರಾಯರ ಮನೆಯೇ ಒಂದು ಕಂಪನಿಯಾಗಿ ಪರಿಣಮಿಸಿದ್ದು. ಮಗ ಆರ್. ಎನ್. ಕೆ. ಪ್ರಸಾದರು ಛಾಯಾಗ್ರಹಣಕ್ಕೂ, ಇನ್ನೊಬ್ಬ ಮಗ ಆರ್. ಎನ್. ಜಯಗೋಪಾಲರು ಗೀತರಚನೆಗೂ ನಿಂತರು. ಕಿರಿಯ ಸುದರ್ಶನರನ್ನು 1961ರಲ್ಲಿ ‘ವಿಜಯನಗರದ ವೀರಪುತ್ರ’ನಾಗಿ ಅವರೇ ನಿಲ್ಲಿಸಿದರು. ಇಷ್ಟು ಹೊತ್ತಿಗೆ ರಾಯರಿಗೆ ಅರವತ್ತು ದಾಟಿತ್ತು. ಪುರಾಣದ ಕಿರೀಟಗಳು ಕಳಚಿ, ಪಂಚೆ, ಶಾಲು, ಮೂಗಿನ ತುದಿಯ ಕನ್ನಡಕಗಳ ಕಾಲ ಬಂದಿತ್ತು.

ಈ ಕಡೆಯ ಘಟ್ಟದ ನಾಗೇಂದ್ರರಾಯರನ್ನು ಮಾತ್ರ ನನ್ನಂಥವರು ಪರದೆಯ ಮೇಲೆ ಕಂಡಿರುವುದು. ತ್ರಿವೇಣಿಯವರ ಕಾದಂಬರಿಯನ್ನಾಧರಿಸಿದ, 1968ರ ‘ಹಣ್ಣೆಲೆ ಚಿಗುರಿದಾಗ’ ಚಿತ್ರವನ್ನೇ ತೆಗೆದುಕೊಳ್ಳೋಣ. ಜನ ನೋಡಲು ಹೋದದ್ದು ರಾಜಕುಮಾರರನ್ನೂ ಕಲ್ಪನಾರನ್ನೂ. ಗುನುಗುತ್ತ ಹೊರಬಂದದ್ದು ಜಯಗೋಪಾಲರ ಹಾಡನ್ನು. ಆದರೆ ವಿಧವೆಯ ಪುನರ್ವಿವಾಹದ ಪ್ರಶ್ನೆ ಹೊಸ್ತಿಲಿಗೆ ಬಂದಾಗ ಮನೆಯೊಳಗೆ ನಿಜವಾಗಿ ನಡುಗುವುದು ಆ ಸಂಪ್ರದಾಯಸ್ಥ ಹಿರಿಯನ ನಡುಗೋಡೆಯಲ್ಲವೇ? ನಾಗೇಂದ್ರರಾಯರು ಅಲ್ಲಿ ಕೂಗಾಡುವುದಿಲ್ಲ. ಕಂಪನಿಯ ದಿನಗಳ ಆ ಕಂಚಿನ ಕಂಠವು ಗಂಟಲಿನಾಳಕ್ಕೆ ಇಳಿದು, ಹೇಳಬೇಕಾದ ಮಾತಿಗಿಂತ ನುಂಗಿದ ಮಾತೇ ಹೆಚ್ಚೆಂಬಂತೆ ತೋರುತ್ತದೆ. ಅವರ ಕಾಲದ ಎಷ್ಟೋ ಹಿರಿಯ ನಟರು ತಂದೆಯ ಪಾತ್ರವೆಂದರೆ ಕಣ್ಣೀರು, ಕೆಮ್ಮು, ಎದೆ ಹಿಡಿದುಕೊಂಡು ಕುಸಿಯುವುದು ಎಂದು ಭಾವಿಸಿದ್ದರು. ನಿರ್ದೇಶಕರೂ ಅದನ್ನೇ ಬೇಡುತ್ತಿದ್ದರೆಂಬುದನ್ನು ಒಪ್ಪೋಣ. ರಾಯರ ತಂದೆಯಲ್ಲಿ ದೊರೆತನದ ಗತ್ತು ಉಳಿದಿರುತ್ತಿದ್ದುದರಿಂದ ಅವನ ಸೋಲಿಗೆ ತೂಕ ಬರುತ್ತಿತ್ತು. ದುರ್ಬಲನು ಬಾಗಿದರೆ ಯಾರು ಗಮನಿಸುತ್ತಾರೆ?

ಇವರ ವಿಷಯವನ್ನು ಚಿಂತಿಸುವಾಗ ಕೊಲ್ಹಾಪುರದವರೇ ಆದ ಬಾಬುರಾವ್ ಪೆಂಢಾರಕರರು ನೆನಪಿಗೆ ಬರುತ್ತಾರೆ. ಅವರೂ 1896ರಲ್ಲಿ ಹುಟ್ಟಿದವರು. ಮಹಾರಾಷ್ಟ್ರ ಫಿಲ್ಮ್ ಕಂಪನಿಯ ಮೂಕಿ ಯುಗದಿಂದ ಹೊರಟು, ಮರಾಠಿ ಹಿಂದಿಗಳ ಅತ್ಯಂತ ನಯವಾದ ಖಳರಲ್ಲೊಬ್ಬರೆನಿಸಿ, 1957ರ ‘ದೋ ಆಂಖೇ ಬಾರಹ್ ಹಾಥ್’ನಲ್ಲಿ ಸೆರೆಮನೆಯ ಅಧಿಕಾರಿಯಾಗುವವರೆಗೂ ಎರಡನೆಯ ಸಾಲಿನಲ್ಲಿಯೇ ಅಗ್ರಾಸನವನ್ನು ಅಲಂಕರಿಸಿದವರು. ಪೆಂಢಾರಕರರ ಖಳನು ಹುಬ್ಬೆತ್ತಿ ಮೆಲ್ಲನೆ ಮಾತಾಡುವ ನಾಗರಿಕ; ಅವರ ಅಭಿನಯವನ್ನು ರೂಪಿಸಿದ್ದು ಕ್ಯಾಮೆರಾ. ನಾಗೇಂದ್ರರಾಯರನ್ನು ರೂಪಿಸಿದ್ದು ಕಂಪನಿ ನಾಟಕದ ಲೆಗ್ ಹಾರ್ಮೋನಿಯಂ. ಇಬ್ಬರಲ್ಲಿ ಯಾರು ಹೆಚ್ಚೆಂಬ ಪಂದ್ಯ ನನಗೆ ಬೇಕಿಲ್ಲ. ಆದರೆ ಮರಾಠಿಗರು ತಮ್ಮವರ ಚಿತ್ರಗಳಲ್ಲಿ ಹಲವನ್ನು ಉಳಿಸಿಕೊಂಡು ಇಂದಿಗೂ ನೋಡಬಲ್ಲರು. ನಾವು ನಮ್ಮ ರಾವಣನನ್ನು ಛಾಯಾಚಿತ್ರಗಳಲ್ಲಿ ಮಾತ್ರ ಹುಡುಕಬೇಕು. ಮಾರ್ಚ್ 3 ಬಂದಾಗ ಹಾರ ತುರಾಯಿಗಳೊಡನೆ ಸಭೆ ಕೂಡುವ ನಮ್ಮ ಚಿತ್ರೋದ್ಯಮವು, ಉಳಿದಿರುವ ಹಳೆಯ ರೀಲುಗಳ ಕಡೆಗೆ ಅದರ ಅರ್ಧದಷ್ಟು ಆಸ್ಥೆ ತೋರಿಸಿದ್ದರೆ ‘ವಸಂತಸೇನಾ’ದ ಶಕಾರನನ್ನಾದರೂ ಊರೂರಿನ ಹುಡುಗರು ನೋಡಿ ನಗುತ್ತಿದ್ದರು.

ನಾಯ್ಡು ಅವರು 1962ರಲ್ಲಿಯೂ ರಾಯರು 1977ರ ಫೆಬ್ರವರಿಯಲ್ಲಿಯೂ ತೀರಿಕೊಂಡರು. ಗೆಳೆಯರಿಬ್ಬರ ಮನೆಗಳಲ್ಲಿಯೂ ಬಣ್ಣ ಒಣಗಲಿಲ್ಲ. 1958ರ ‘ಭಕ್ತ ಪ್ರಹ್ಲಾದ’ದಲ್ಲಿ ಬಾಲಕನಾಗಿ ಕಾಣಿಸಿಕೊಂಡ ನಾಯ್ಡು ಅವರ ಮಗ ಲೋಕೇಶರು ‘ಭೂತಯ್ಯನ ಮಗ ಅಯ್ಯು’, ‘ಪರಸಂಗದ ಗೆಂಡೆತಿಮ್ಮ’ಗಳಲ್ಲಿ ನಾಯಕನೆಂಬ ಮಾತಿಗೇ ಸೊಗಸುಗಾರನಲ್ಲದ ಬೇರೊಂದು ರೂಪವನ್ನು ಕೊಟ್ಟರು. ಅವರು ತಮ್ಮ ತಂದೆಗಿಂತ ಹೆಚ್ಚಾಗಿ ತಂದೆಯ ಗೆಳೆಯನ ಮಾರ್ಗದವರೆಂದು ನನಗನ್ನಿಸಿದ್ದುಂಟು. ಅವರ ಪತ್ನಿ ಗಿರಿಜಾ ಲೋಕೇಶರು ರಂಗಭೂಮಿ, ಬೆಳ್ಳಿತೆರೆ, ಕಿರುತೆರೆ ಮೂರರಲ್ಲಿಯೂ ಅತ್ತೆ, ಅಜ್ಜಿ, ನೆರೆಮನೆಯಾಕೆಯರಾಗಿ ನಾಡಿನ ಮನೆಮನೆಗೂ ಪರಿಚಿತರು. ಮಗ ಸೃಜನರು ದೂರದರ್ಶನದ ಪೆಟ್ಟಿಗೆಯೊಳಗೆ ನಗೆಯ ಕಂಪನಿಯನ್ನೇ ಕಟ್ಟಿ ‘ಮಜಾ ಟಾಕೀಸ್’ ಎಂದು ಹೆಸರಿಟ್ಟರು. ಸುದರ್ಶನರು ನಾಯಕನಾಗಿ ಹೊರಟು, ದಕ್ಷಿಣದ ಭಾಷೆಗಳಲ್ಲಿ ಖಳರಾಗಿ ಬಾಳಿ, ನಡುವೆ 1975ರ ‘ಶುಭಮಂಗಳ’ಕ್ಕಾಗಿ ಒಂದು ಹಾಡನ್ನು ಹಾಡಿ, ತಮ್ಮ ಕಂಠವೂ ತಂದೆಯದೇ ಎಂಬುದನ್ನು ತೋರಿಸಿಕೊಟ್ಟರು.

1987ರಲ್ಲಿ ಮಣಿರತ್ನಂ ಅವರು ‘ನಾಯಗನ್’ ಚಿತ್ರವನ್ನು ತೆಗೆಯುವಾಗ ಕಮಲ ಹಾಸನರ ಎದುರಾಳಿಗಳಾದ ಮುಂಬಯಿಯ ರೆಡ್ಡಿ ಸೋದರರ ಪಾತ್ರಗಳಿಗೆ ಪ್ರಸಾದ್, ಜಯಗೋಪಾಲ್, ಸುದರ್ಶನ್ ಈ ಮೂವರು ನಿಜವಾದ ಅಣ್ಣತಮ್ಮಂದಿರನ್ನೇ ನಿಲ್ಲಿಸಿದರು. ಒಬ್ಬರು ಛಾಯಾಗ್ರಾಹಕರು, ಒಬ್ಬರು ಕವಿ, ಒಬ್ಬರು ಮಾತ್ರ ವೃತ್ತಿಯಿಂದ ನಟರು. ಆ ಮುಖಗಳ ಹೋಲಿಕೆಯನ್ನು ಯಾವ ಬಣ್ಣಗಾರನೂ ಬರೆಯಬೇಕಾಗಿರಲಿಲ್ಲ. ನೋಡಿದವರೆಲ್ಲ ಅವರನ್ನು ಪಕ್ಕಾ ಪಾತಕಿಗಳೆಂದೇ ನಂಬಿ ಹೆದರಿದರು. ಆ ಮೂವರಲ್ಲಿ ಮಧ್ಯದವರು ಆ ವೇಳೆಗಾಗಲೇ ಕನ್ನಡದ ಪ್ರೇಮಿಗಳಿಗೆ ಎಷ್ಟೆಷ್ಟೋ ಮಧುರ ಗೀತೆಗಳನ್ನು ಬರೆದುಕೊಟ್ಟಿದ್ದರೆಂಬುದು ಮದರಾಸಿನ ಪ್ರೇಕ್ಷಕರಿಗೆ ಹೇಗೆ ತಿಳಿಯಬೇಕು!